ಬೀಗರಾಗಬೇಕಾದವರ ನಿದ್ದೆ

ಕಾರಿನ ಎ.ಸಿ. ವಿಷಯದಲ್ಲಿ ನಾನು ಸಂಪೂರ್ಣ ಅಜ್ಞಾನಿಯೇನಲ್ಲ. ನಮ್ಮ ಹಗರಿಬೊಮ್ಮನಹಳ್ಳಿಯ ಕಟಿಂಗ್ ಅಂಗಡಿಯಲ್ಲಿ ಒಂದು ಲೇಖನವನ್ನು ಅರ್ಧ ಓದಿದ್ದೆ. ಗಾಜು ಏರಿಸಿ, ಎ.ಸಿ. ಹಾಕಿಕೊಂಡು ಕಾರಿನಲ್ಲಿ ಮಲಗಿದವರು ಮತ್ತೆ ಏಳದಿರಬಹುದು ಎಂಬಲ್ಲಿಗೆ ಬಂದಿದ್ದೆ. ಅಷ್ಟರಲ್ಲಿ ಕ್ಷೌರಿಕ ನನ್ನ ತಲೆಯನ್ನು ಗೋಡೆಯ ಕಡೆ ತಿರುಗಿಸಿದ.

ಆ ಬೇಸಿಗೆಯಲ್ಲಿ ಹರಪನಹಳ್ಳಿಯಿಂದ ವರನ ತಂದೆಯೊಬ್ಬರೇ ನನ್ನ ಮಗಳನ್ನು ನೋಡಲು ಬಂದರು. ಹೋಳಿಗೆ ಉಂಡರು. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ದಾರಿಯಲ್ಲಿ ಮಾತು ತೆಗೆದು ಒಪ್ಪಿಸೋಣವೆಂದು ಭಾವಮೈದುನನ ಎ.ಸಿ. ಕಾರು ಕೇಳಿ ತಂದು, ಅವರನ್ನು ಊರು ಮುಟ್ಟಿಸಲು ನಾನೇ ಹೊರಟೆ. ನಾನು ಏನಾದರೂ ಆಡಿಬಿಟ್ಟೇನೆಂದು ಹೆಂಡತಿಯೂ ಹಿಂದೆ ಕುಳಿತಳು.

ಊರು ದಾಟುವುದರೊಳಗೆ ಹಿರಿಯರು ತಂಪಿಗೆ ಕಣ್ಣು ಮುಚ್ಚಿದರು. ನನಗೆ ಆ ಅರ್ಧ ಓದಿದ ಲೇಖನ ನೆನಪಾಯಿತು.

“ಬೀಗರೇ, ಎಚ್ಚರ ಅದೀರೇನ್ರಿ?”

“ಹ್ಞಾಂ? ಅದೀನ್ರಿ.”

“ಅವರಿನ್ನೂ ಒಪ್ಪಿಲ್ಲ, ಆಗ್ಲೇ ಬೀಗರಂತ ಕರೀತೀರಲ್ಲ,” ಎಂದು ಹಿಂದಿನಿಂದ ಹೆಂಡತಿಯ ಪಿಸುಮಾತು.

ತುಸು ಹೊತ್ತಿಗೆ ಗೊರಕೆ ಎದ್ದಿತು. ಗೊರಕೆ ಇರುವತನಕ ಭಯವಿಲ್ಲ. ಅದು ನಿಂತಾಗಲೆಲ್ಲ ಹಾರ್ನ್ ಹೊಡೆದೆ. ಅವರು ಬೆಚ್ಚಿ ಎದ್ದು ಖಾಲಿ ರಸ್ತೆಯನ್ನು ನೋಡಿ, ನನ್ನನ್ನೂ ನೋಡಿ, ಮತ್ತೆ ಮಲಗುವರು. ಗಾಳಿಯಾಡಲೆಂದು ಅವರ ಕಡೆಯ ಗಾಜು ಇಳಿಸಿದೆ. ಎದುರು ಬಂದ ಲಾರಿಯ ಧೂಳೆಲ್ಲ ಅವರ ಬಿಳಿ ಅಂಗಿಯ ಮೇಲೆ ಇಳಿಯಿತು.

“ತಂಪು ಹಾಕ್ತೀರೋ, ಗಾಜು ತೆಗೀತೀರೋ, ಯಾವುದಾದ್ರೂ ಒಂದು ಮಾಡ್ರಿ,” ಎಂದರು ಹಿರಿಯರು.

ಗಾಜು ಏರಿಸಿದೆ. ಕೊಟ್ಟೂರು ಇನ್ನೇನು ಬಂತು ಎನ್ನುವಾಗ ಗೊರಕೆ ಮತ್ತೆ ನಿಂತಿತು. ಈ ಸಲ ಹಾರ್ನಿಗೂ ಏಳಲಿಲ್ಲ. ಬೇವಿನ ಮರದಡಿ ಕಾರು ನಿಲ್ಲಿಸಿ, ಬೆರಳನ್ನು ಅವರ ಮೂಗಿನ ಕೆಳಗೆ ಹಿಡಿದೆ. ಉಸಿರು ಬಂತು. ಕಣ್ಣೂ ತೆರೆದವು.

“ಏನ್ರೀ ಇದು?”

“ಜೀವ ಐತೇನು ಅಂತ ನೋಡಿದೆ ರೀ. ಎ.ಸಿ.ಯಾಗ ಮಲಗಿದೋರು ಏಳಂಗಿಲ್ಲಂತ...”

“ಅದು ನಿಂತ ಕಾರಿನ ಮಾತು,” ಎಂದಳು ಹೆಂಡತಿ. “ಇಂಜಿನ್ ಹೊಗಿ ಒಳಗ ಬಂದ್ರ ಹಂಗಾಗತೈತಿ. ಈಗ ನೀವು ಮಾಡೀರಲ್ಲ, ಗಾಜು ಮುಚ್ಚಿ, ಇಂಜಿನ್ ಚಾಲೂ ಇಟ್ಟು ನಿಲ್ಸೀರಲ್ಲ, ಹಿಂಗ ಮಾಡಬಾರ್ದು.”

ಹಿರಿಯರು ನನಗಿಂತ ಮೊದಲು ಬಾಗಿಲು ತೆರೆದರು. ಚೀಲ ಹಿಡಿದು, ಬಿಸಿಲಲ್ಲೇ ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಕಡೆ ನಡೆದೇಬಿಟ್ಟರು. ಮನೆಗೆ ಬಂದ ಮೇಲೆ ಮಗಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ವಾರ ಕಳೆದು ಫೋನ್ ಬಂತು. ಹೆಂಡತಿ ಕೇಳಿ ಇಟ್ಟಳು.

“ಹುಡುಗಿ ಒಪ್ಪಿಗಿ ಐತಂತ. ಒಂದ ಷರತ್ತು.”

“ಏನು, ಬಂಗಾರನಾ?”

“ಅಲ್ಲ. ನೀವು ಅವರ ಮನಿಯಾಗ ರಾತ್ರಿ ಉಳಿಯಂಗಿಲ್ಲಂತ. ಅವರು ನಿದ್ದಿ ಮಾಡಬೇಕಂತ.”

ಮದುವೆ ಸಾಂಗವಾಗಿ ನೆರವೇರಿತು. ಮಗಳ ಮನೆಗೆ ಹೋದರೆ ಹೆಂಡತಿ ನಾಲ್ಕು ದಿನ ಇದ್ದು ಬರುತ್ತಾಳೆ. ನನ್ನನ್ನು ಮಾತ್ರ ಬೀಗರು ಖುದ್ದಾಗಿ ಬಂದು ಸಂಜೆಯ ಬಸ್ಸು ಹತ್ತಿಸಿ, ಅದು ಹೊರಟಿದ್ದನ್ನು ಕಣ್ಣಾರೆ ಕಂಡೇ ಮನೆಗೆ ಮರಳುತ್ತಾರೆ.