ಕೆಂಪಿಯ ಆಪರೇಶನ್‌ಗೆ ಹೊತ್ತು ಕೂಡಿ ಬರಲಿಲ್ಲ

ಊರಿಗೆಲ್ಲ ಬುದ್ಧಿ ಹೇಳುವುದೇ ನೌಕರಿಯಾದವನಿಗೆ ಮಾನ ಹೋಗುವ ಪ್ರಸಂಗಗಳು ತಪ್ಪುವುದಿಲ್ಲ. ೧೯೮೦ರ ಆಸುಪಾಸಿನಲ್ಲಿ ನಾನು ಯಲಬುರ್ಗಾದಲ್ಲಿ ಕುಟುಂಬ ಯೋಜನೆಯ ಕಾರ್ಯಕರ್ತನಾಗಿದ್ದೆ. ಹಳ್ಳಿ ಹಳ್ಳಿಗೆ ಸೈಕಲ್ ತುಳಿದು, "ಮಕ್ಕಳು ಸಾಕು, ಆಪರೇಶನ್ ಮಾಡಿಸ್ಕೊಳ್ರಿ" ಎಂದು ಜನರ ಬೆನ್ನು ಹತ್ತುವುದು ನನ್ನ ಕೆಲಸ. ಮನೆಯಲ್ಲಿ ಹೆಂಡತಿ, ನಾಲ್ಕು ಮಕ್ಕಳು, ಕೆಂಪಿ ಎಂಬ ಹೆಣ್ಣುನಾಯಿ.

೧. ಇನ್ನೂ ಎಳೇದು

ಕೆಂಪಿಗೆ ಆರು ತಿಂಗಳಾದಾಗ ದನದ ದವಾಖಾನೆಯ ಡಾಕ್ಟರು, "ಬೆದಿಗೆ ಬರೂಕಿಂತ ಮದ್ಲ ಆಪರೇಶನ್ ಮಾಡಿಸಿಬಿಡ್ರಿ, ಛಲೋ" ಎಂದರು.

"ಇನ್ನೂ ಎಳೇದೈತ್ರಿ. ಒಂದ್ ಸರ್ತಿ ತಾಯಿ ಆಗ್ಲಿ" ಎಂದೆ.

ತಾಯಿಯಾದಳು. ಒಂದೇ ಸರ್ತಿಗೆ ಆರು. ಮರಿ ಹಂಚಲು ಸೈಕಲ್ಲಿಗೆ ಬುಟ್ಟಿ ಕಟ್ಟಿಕೊಂಡು ಹೊರಟೆ. ಒಂದು ಹಳ್ಳಿಯಲ್ಲಿ ಐದು ಮಕ್ಕಳ ತಂದೆಯೊಬ್ಬನಿಗೆ ಚಿಕ್ಕ ಸಂಸಾರದ ಸುಖ ವಿವರಿಸುತ್ತಿದ್ದಾಗ ಬುಟ್ಟಿಯೊಳಗಿಂದ ಕುಂಯ್ ಕುಂಯ್ ಶುರುವಾಯಿತು. ಆತ ಇಣುಕಿ ನೋಡಿ, "ಮದ್ಲ ಇವರ ಅವ್ವಗ ತಿಳಿಸಿ ಹೇಳಿ ಬರ್ರಿ ಸಾಹೇಬ್ರ, ಆಮ್ಯಾಲ ನನ್ ಕಡೆ ಬರ್ರಿ" ಎಂದ.

೨. ಸುಗ್ಗಿ ಮುಗೀಲಿ

ಮರಿಗಳು ಹಾಲು ಬಿಡಲಿ ಎಂದು ಕಾಯ್ದೆ. ಆಮೇಲೆ ಬಿಸಿಲು ಭಾಳ ಎಂದೆ. ಬಿಸಿಲು ಇಳಿಯುವಷ್ಟರಲ್ಲಿ ಕೆಂಪಿ ಬೆದೆಗೆ ಬಂದಳು. "ಈಗ ಬ್ಯಾಡ, ರಗತ ಭಾಳ ಹೋಗ್ತೈತಿ. ಎರಡು ತಿಂಗ್ಳ ತಡೀರಿ, ಹೊರಗ ಬಿಡಬ್ಯಾಡ್ರಿ" ಎಂದರು ಡಾಕ್ಟರು. ಕಟ್ಟಿಹಾಕಿದೆ. ಹಗ್ಗ ಕಡಿದಳು. ಈ ಸಲ ಐದು.

ಆ ಐದೂ ಹಾಲು ಬಿಟ್ಟ ಮೇಲೆ ಡಾಕ್ಟರು, "ಈ ಸೋಮವಾರ ಕರ್ಕೊಂಡ್ ಬರ್ರಿ" ಎಂದರು.

"ಸುಗ್ಗಿ ಮುಗೀಲಿರಿ. ಮನ್ಯಾಗೂ ಒಂದ್ ಮಾತ್ ಕೇಳ್ತೀನಿ" ಎಂದುಬಿಟ್ಟೆ.

ಸುಗ್ಗಿಗೆ ಇನ್ನೂ ಮೂರು ತಿಂಗಳಿತ್ತು, ಅದೂ ಅಲ್ಲದೆ ನನಗೆ ಹೊಲವೇ ಇರಲಿಲ್ಲ. ಹಳ್ಳಿಯ ಕಟ್ಟೆಗಳ ಮೇಲೆ ದಿನಾ ಕೇಳಿ ಕೇಳಿ ನಾನು ಬೈಯುತ್ತಿದ್ದ ನೆಪವೇ ನನ್ನ ಬಾಯಲ್ಲಿ ಬಂದಿತ್ತು. ನಿಜ ಹೇಳಬೇಕೆಂದರೆ ನನಗೆ ಹೆದರಿಕೆ. ಮೇಜಿನ ಮೇಲೆ ಕೆಂಪಿ ಕಣ್ಣು ಮುಚ್ಚಿದವಳು ತೆರೆಯದಿದ್ದರೆ ಏನು ಮಾಡುವುದು? ಜನರಿಗೆ "ಇರುವಿ ಕಡದಂಗ ಆಗ್ತೈತಿ, ಅಷ್ಟ" ಎಂದು ಧೈರ್ಯ ತುಂಬುತ್ತಿದ್ದವನೂ ನಾನೇ.

೩. ಕ್ಯಾಂಪಿನಿಂದ ಬಂದಾಗ

ಅದೇ ವಾರ ಕುಷ್ಟಗಿಯಲ್ಲಿ ಮೂರು ದಿನದ ಆಪರೇಶನ್ ಕ್ಯಾಂಪು. ಮುಗಿಸಿ ಮನೆಗೆ ಬಂದರೆ ಕೆಂಪಿ ಹೊಟ್ಟೆಗೆ ಪಟ್ಟಿ ಸುತ್ತಿಸಿಕೊಂಡು ಹಾಲು-ರೊಟ್ಟಿ ತಿನ್ನುತ್ತಿದ್ದಳು. ನಾನಿಲ್ಲದ ಹೊತ್ತು ನೋಡಿ ಹೆಂಡತಿಯೇ ದವಾಖಾನೆಗೆ ಒಯ್ದಿದ್ದಳು. ಕೆಂಪಿ ಬಾಲ ಅಲ್ಲಾಡಿಸಿದಾಗ ನನ್ನ ಕಣ್ಣು ತುಂಬಿ ಬಂತು.

"ನನಗೊಂದು ಮಾತ್ ಹೇಳಬೇಕಿತ್ತು" ಎಂದೆ.

"ಹೇಳಿದ್ರ ಇನ್ನೂ ಐದು ಆಗ್ತಿದ್ವು" ಎಂದಳು. ನಮ್ಮ ನಾಲ್ಕನೆಯ ಕೂಸನ್ನು ಸೊಂಟದ ಮೇಲೆ ಸರಿಪಡಿಸಿಕೊಂಡು, "ಈಕಿದು ಆತು. ನಿಮ್ಮದು ಯಾವಾಗ?" ಎಂದು ಕೇಳಿದಳು.

ಕೆಂಪಿಯೂ ತಲೆ ಎತ್ತಿ ನನ್ನನ್ನೇ ನೋಡಿದಳು.

"ಬಿಸಿಲು ಭಾಳೈತಿ. ಸ್ವಲ್ಪ ಇಳೀಲಿ ತಡಿ" ಎಂದೆ.

ಹೊರಗೆ ಮುಂಜಾನೆಯಿಂದ ಮಳೆ ಹಿಡಿದಿತ್ತು.