ಹೆಗಲಿಗಿಂತ ಎತ್ತರದ ಕೊಂಬೆ

ಫೋನು ಬಂದದ್ದು ಭಾನುವಾರ ಬೆಳಿಗ್ಗೆ ಒಂಬತ್ತೂ ಕಾಲಿಗೆ. ಹೆಂಡತಿ ಎತ್ತಿಕೊಂಡಳು, "ಅಪ್ಪಾ" ಅಂದಳು, "ಹೂಂ" ಅಂದಳು, ಮೂರನೆಯ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಆ ಕಡೆ ಫೋನು ಇಟ್ಟದ್ದಾಗಿತ್ತು. ಆಕೆಯ ಅಪ್ಪ ನಲವತ್ತು ವರ್ಷ ಮರದ ಮಿಲ್ಲಿನಲ್ಲಿ ಮೇಸ್ತ್ರಿಯಾಗಿದ್ದವರು. ಆ ಗದ್ದಲದಲ್ಲಿ ಕೂಗಿ ಕೂಗಿ, ಎರಡು ವಾಕ್ಯಕ್ಕಿಂತ ಹೆಚ್ಚಿನ ಮಾತೆಲ್ಲ ದಂಡ ಎಂಬ ತೀರ್ಮಾನಕ್ಕೆ ಬಂದಿದ್ದರು.

"ಏನಂತೆ?" ಎಂದ ಪುಸ್ತಕಪ್ಪ, ಪೇಪರಿನಿಂದ ತಲೆ ಎತ್ತದೆ.

"ಮರದ ವಿಷಯಕ್ಕೆ ಬರ್ತಿದೀನಿ, ನಾಲ್ಕು ಗಂಟೆಗೆ ಅಲ್ಲಿರ್ತೀನಿ ಅಂದ್ರು." ಹೆಂಡತಿಯ ಮುಖ ಬಿಳಿಚಿಕೊಂಡಿತ್ತು. "ಹೋದ ವಾರ ನಾನೇ ಬಾಯಿ ತಪ್ಪಿ ಹೇಳ್ಬಿಟ್ಟೆ ರೀ, ಹಿತ್ತಲ ಮರದ ಕೊಂಬೆ ಒಣಗಿ ಅಡುಗೆಮನೆ ಮೇಲೆ ನೇತಾಡ್ತಿದೆ ಅಂತ. ಅದನ್ನ ಕಡಿಯೋಕೇ ಹೊರಟಿದಾರೆ. ಎಪ್ಪತ್ತೆರಡು ವರ್ಷ! ಎದೆಗೆ ಸ್ಟೆಂಟ್ ಹಾಕಿಸಿ ಇನ್ನೂ ವರ್ಷ ತುಂಬಿಲ್ಲ!"

ಅದು ಸುಮ್ಮಸುಮ್ಮನೆ ಹುಟ್ಟಿದ ಹೆದರಿಕೆಯಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಹತ್ತನೆಯ ದಿನವೇ ಆ ಮಹಾನುಭಾವರು ನೀರಿನ ಟ್ಯಾಂಕು ತೊಳೆಯಲು ಮಾಳಿಗೆ ಹತ್ತಿದ್ದರು. ಅವರನ್ನು ಕೆಳಗಿಳಿಸಲು ಅತ್ತೆ ಊಟ ಬಿಟ್ಟು ಕೂರಬೇಕಾಗಿ ಬಂದಿತ್ತು.

"ಅಪ್ಪ ಬರೋ ಹೊತ್ತಿಗೆ ಕೊಂಬೆ ಕೆಳಗಿರ್ಬೇಕು. ಮರದಣ್ಣನ್ನ ಕರೆಸ್ತೀನಿ," ಎಂದಳು ಹೆಂಡತಿ.

ಮರದಣ್ಣ ಎಂದರೆ ಆ ಬಡಾವಣೆಯ ಮರಗಳನ್ನೆಲ್ಲ ಸವರುವ, ಕಡಿಯುವ ಆಸಾಮಿ. ಆಗಲೇ ಅವನನ್ನು ಕರೆಸಿದ್ದರೆ ಈ ಕತೆ ಇಲ್ಲಿಗೇ ಮುಗಿದು ಎಲ್ಲರೂ ಊಟ ಮಾಡಿ ಮಲಗಬಹುದಿತ್ತು. ಪುಸ್ತಕಪ್ಪ ಪೇಪರು ಮಡಿಸಿಟ್ಟು ಎದ್ದು ನಿಂತ.

"ಯಾವ ಅಣ್ಣಾನೂ ಬೇಡ. ಮನೇಲಿ ಮಷೀನ್ ಇಟ್ಕೊಂಡು ಯಾಕೆ ಬೇರೆಯವರು? ನಾನೇ ಕಡೀತೀನಿ."

ಪುಸ್ತಕಪ್ಪ ಎಂಬುದು ಬೀದಿಯವರು ಅವನಿಗೆ ಕೊಟ್ಟ ಬಿರುದು. ಪಟ್ಟಣದ ಲೈಬ್ರರಿಯಲ್ಲಿ ಅವನ ಕೆಲಸ. ಎರಡು ವರ್ಷದ ಹಿಂದೆ ನೆಂಟರಿಷ್ಟರೆಲ್ಲ ಸೇರಿದ್ದಾಗ ಮಾವನವರು, "ನಮ್ಮ ಅಳಿಯಂದ್ರ ಕೈ ಇರೋದು ಹಾಳೆ ತಿರುವೋದಕ್ಕೆ" ಎಂದುಬಿಟ್ಟಿದ್ದರು. ನೆಂಟರು ನಕ್ಕಿದ್ದರು. ಅದಕ್ಕಿಂತ ಹೆಚ್ಚಾಗಿ ಹೆಂಡತಿಯೂ ನಕ್ಕಿದ್ದಳು. ಮರುದಿನವೇ ಪುಸ್ತಕಪ್ಪ ಹೋಗಿ ಪೆಟ್ರೋಲಿನಲ್ಲಿ ಓಡುವ ಚೈನ್ ಗರಗಸವೊಂದನ್ನು ಕೊಂಡು ತಂದ. ಮಷೀನು ಡಬ್ಬದ ಸಮೇತ ಅಟ್ಟ ಸೇರಿತು. ಅದರ ಜೊತೆ ಬಂದ ಪುಸ್ತಿಕೆಗೆ ಮಾತ್ರ ಅವನು ಬೈಂಡು ಹಾಕಿ, ನಂಬರು ಚೀಟಿ ಅಂಟಿಸಿ, ಆರು ಸಲ ಓದಿದ್ದ. ಮೂವತ್ತೆರಡು ಸುರಕ್ಷತಾ ಸೂಚನೆಗಳೂ ಬಾಯಿಪಾಠ.

"ಏನಾದ್ರೂ ಮಾಡ್ಕೊಳ್ಳಿ," ಎಂದಳು ಹೆಂಡತಿ. "ಆದ್ರೆ ನನ್ನಪ್ಪ ಆ ಏಣಿ ಹತ್ತೋದನ್ನ ನಾನು ನೋಡೋ ಹಾಗಾದ್ರೆ ನಾಳೆಯಿಂದ ನಿಮ್ಮ ಅಡುಗೆ ನೀವೇ."

ಡಬ್ಬ ಬಿಚ್ಚಿದಾಗ ಹತ್ತು ಗಂಟೆ. ಚೈನು ಬೇರೆ, ಅದು ಸುತ್ತಿ ಓಡುವ ಉದ್ದನೆಯ ಪಟ್ಟಿ ಬೇರೆ, ಇಂಜಿನ್ನು ಬೇರೆ. ಮೂರನ್ನೂ ಅಂಗಳದಲ್ಲಿ ಹರಡಿಕೊಂಡು ಪುಸ್ತಕಪ್ಪ ಪುಸ್ತಿಕೆ ತೆರೆಯುವಷ್ಟರಲ್ಲಿ ಕಾಂಪೌಂಡಿನಾಚೆ ಒಂದು ಬೋಳುತಲೆ ಮೂಡಿತು. ಪಕ್ಕದ ಮನೆಯ ಓವರ್‌ಸಿಯರು. ರಿಟೈರಾಗಿ ಆರು ವರ್ಷವಾದರೂ ಯಾರು ಎಲ್ಲಿ ಒಂದು ಮೊಳೆ ಹೊಡೆದರೂ ಉಸ್ತುವಾರಿಗೆ ಹಾಜರಾಗುವ ಮನುಷ್ಯ.

"ಸಾರ್, ಸೇತುವೆ ಕಟ್ಟಿಸಿದ ಕೈ ಇದು. ನಿಮ್ಮ ಚೈನು ಯಾವ ಲೆಕ್ಕ? ಕೊಡಿ ಇಲ್ಲಿ."

"ಗ್ಲೌಸ್ ಹಾಕದೆ ಚೈನ್ ಮುಟ್ಟಬಾರದು. ನಾಲ್ಕನೇ ಸೂಚನೆ," ಎಂದ ಪುಸ್ತಕಪ್ಪ.

ಗ್ಲೌಸು ಹುಡುಕಲು ಅವನು ಒಳಗೆ ಹೋಗಿ ಬರುವುದರಲ್ಲಿ ಓವರ್‌ಸಿಯರು ಚೈನು ತೊಡಿಸಿ, ಬೆರಳು ಕೊಯ್ದುಕೊಂಡು, ಆ ಬೆರಳನ್ನು ಬಾಯಲ್ಲಿಟ್ಟುಕೊಂಡು ನಿಂತಿದ್ದರು. ರಕ್ತದ ವಾಸನೆಗೇ ಎದ್ದು ಬಂದರೇನೋ ಎಂಬಂತೆ ಎದುರು ಮನೆಯ ನರ್ಸಮ್ಮ ಬ್ಯಾಂಡೇಜಿನ ಡಬ್ಬ ಹಿಡಿದು ಬಂದರು. ಅವತ್ತು ಆಕೆಗೆ ವಾರದ ರಜೆ. ರಜೆಯಲ್ಲಿ ಏನು ಮಾಡಬೇಕೆಂದು ತೋಚದೆ ಒದ್ದಾಡುತ್ತಿದ್ದ ಜೀವ.

"ಸಾರ್, ನಿಮ್ಮ ಬ್ಲಡ್ ಗ್ರೂಪ್ ಯಾವುದು?" ಎಂದು ಪುಸ್ತಕಪ್ಪನನ್ನು ಕೇಳಿದರು.

"ಅದ್ಯಾಕೆ ಈಗ?"

"ಆಮೇಲೆ ಕೇಳಿದ್ರೆ ಹೇಳೋ ಸ್ಥಿತೀಲಿ ಇರಲ್ಲ ನೋಡಿ, ಅದಕ್ಕೆ," ಎಂದು ನರ್ಸಮ್ಮ ಅಂಗೈ ಮೇಲೆ ಬರೆದುಕೊಂಡೇಬಿಟ್ಟರು.

ಆಮೇಲೆ ಎಣ್ಣೆಯ ಪ್ರಕರಣ. ಬರೀ ಪೆಟ್ರೋಲು ಹಾಕಿದರೆ ಇಂಜಿನ್ನು ಸುಟ್ಟುಹೋಗುತ್ತದೆ, ಲೀಟರಿಗೆ ಇಪ್ಪತ್ತು ಮಿಲಿ ಇಂಜಿನ್ ಎಣ್ಣೆ ಬೆರೆಸಬೇಕು. ಪುಸ್ತಕಪ್ಪ ಸ್ಕೂಟರ್ ಏರಿ ಪೆಟ್ರೋಲ್ ಬಂಕಿಗೆ ಓಡಿ, ಎರಡನ್ನೂ ತಂದು, ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಕಣ್ಣು ಕಿರಿದು ಮಾಡಿ ಅಳೆದ. ಅಷ್ಟರಲ್ಲಿ ಓವರ್‌ಸಿಯರು ಮಷೀನಿನ ಎರಡನೆಯ ಮುಚ್ಚಳ ತೆಗೆದರು. ಓಡುವ ಚೈನಿಗೆ ಹನಿಸಲು ಬೇರೆಯೇ ಎಣ್ಣೆ ತುಂಬಬೇಕಾದ ಜಾಗ ಅದು.

"ಆ ಎಣ್ಣೆ ತಂದಿಲ್ಲ. ಇವತ್ತು ಅಂಗಡಿ ರಜ," ಎಂದ ಪುಸ್ತಕಪ್ಪ. ಆಗಲೇ ಹನ್ನೆರಡು ಹೊಡೆದಿತ್ತು.

"ಅಡುಗೆ ಎಣ್ಣೆ ಸುರೀರಿ."

"ಪುಸ್ತಕದಲ್ಲಿ ಹಾಗಂತ ಇಲ್ಲ."

"ಬೇಡ ಅಂತಾನೂ ಇಲ್ವಲ್ಲ?"

ಪುಸ್ತಕಪ್ಪ ಪುಸ್ತಿಕೆಯ ಹಾಳೆ ಇನ್ನೊಮ್ಮೆ ತಿರುವಿ ನೋಡಿದ. ಬೆಕ್ಕಿನ ಹೆಜ್ಜೆಯಲ್ಲಿ ಅಡುಗೆಮನೆಗೆ ಹೋಗಿ ಎಣ್ಣೆಯ ಕ್ಯಾನು ತಂದ. ಹೆಂಡತಿ ನೋಡಿದಳು, ಗಡಿಯಾರ ನೋಡಿದಳು, ಹಲ್ಲು ಕಚ್ಚಿ ದಾರಿ ಬಿಟ್ಟಳು.

ಇನ್ನು ವೇಷ. ಹೆಲ್ಮೆಟ್ಟು, ಕಣ್ಣಿಗೆ ಕವಚ, ಕಿವಿಗೆ ತಡೆ, ದಪ್ಪ ಪ್ಯಾಂಟು, ಗಟ್ಟಿ ಬೂಟು. ಪುಸ್ತಕಪ್ಪ ಸ್ಕೂಟರಿನ ಹೆಲ್ಮೆಟ್ಟು ಹಾಕಿ, ಗಾಜು ಎಳೆದು, ಕಿವಿಗೆ ಹತ್ತಿ ತುರುಕಿ, ಪ್ಯಾಂಟಿನ ಮೇಲೆ ಪ್ಯಾಂಟು ತೊಟ್ಟ. ಬಗ್ಗಲು ಆಗುತ್ತಿರಲಿಲ್ಲ, ಕೇಳಿಸುತ್ತಿರಲಿಲ್ಲ, ಉಸಿರಿಗೆ ಗಾಜು ಮಂಜಾಗಿ ಕಾಣಿಸುತ್ತಲೂ ಇರಲಿಲ್ಲ. ಅದು ಬಿಟ್ಟರೆ ಸಂಪೂರ್ಣ ಸುರಕ್ಷಿತನಾಗಿದ್ದ.

ಮಷೀನನ್ನು ನೆಲದ ಮೇಲಿಟ್ಟು, ಬ್ರೇಕು ಹಾಕಿ, ಹಿಂದಿನ ಹಿಡಿಯೊಳಗೆ ಬಲಗಾಲು ತೂರಿಸಿ ಒತ್ತಿ ಹಿಡಿದು, ಹಗ್ಗ ಎಳೆದ. ಮಷೀನು ಕೆಮ್ಮಿತು. ಮತ್ತೆ ಎಳೆದ. ಹದಿನೈದು ಸಲ, ಇಪ್ಪತ್ತು ಸಲ. ಓವರ್‌ಸಿಯರು ಪ್ಲಗ್ಗು ಬಿಚ್ಚಿ ಒರೆಸಿದರು. ನರ್ಸಮ್ಮ ಪುಸ್ತಕಪ್ಪನ ನಾಡಿ ಹಿಡಿದು ನೋಡಿ ನೀರು ಕುಡಿಸಿದರು. ಮೂವತ್ತನೆಯ ಎಳೆತಕ್ಕೆ ಮಷೀನು ಗರ್ರೆಂದು ಎದ್ದಿತು. ಕಾಂಪೌಂಡಿನ ಮೇಲಿದ್ದ ಬೆಕ್ಕು ಮತ್ತೆ ಎರಡು ದಿನ ಆ ಕಡೆ ಸುಳಿಯಲಿಲ್ಲ.

"ಮೊದಲು ಕೆಳಗೆ ಒಂದು ಕಟ್ಟಿಗೆ ಮೇಲೆ ನೋಡಿ!" ಎಂದು ಓವರ್‌ಸಿಯರು ಕೈಸನ್ನೆ ಮಾಡಿದರು.

ಪುಸ್ತಕಪ್ಪ ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದು ಸೌದೆಯ ತುಂಡೊಂದರ ಮೇಲೆ ಮಷೀನು ಇಟ್ಟ. ಹೊಗೆ ಎದ್ದಿತು. ಎಣ್ಣೆ ಕಾದ ಘಮಘಮ ವಾಸನೆ ಬೀದಿಯ ತುದಿಯವರೆಗೂ ಹೋಯಿತು. ಯಾರೋ ಕಿಟಕಿಯಿಂದ, "ಏನು ಕರೀತಿದೀರಿ?" ಎಂದು ಕೂಗಿದರು. ಐದು ನಿಮಿಷ ಒತ್ತಿದರೂ ಕಟ್ಟಿಗೆಯ ಮೇಲೆ ಒಂದು ಕಪ್ಪು ಗೆರೆ ಬಿತ್ತೇ ಹೊರತು ಕೂದಲೆಳೆಯಷ್ಟೂ ಕೊಯ್ಯಲಿಲ್ಲ.

"ಹಲ್ಲು ಮೊಂಡಾಗಿದೆ," ಎಂದರು ಓವರ್‌ಸಿಯರು. ಡಬ್ಬದಲ್ಲಿದ್ದ ದುಂಡನೆಯ ಅರ ತೆಗೆದುಕೊಂಡು ಪುಸ್ತಕಪ್ಪ ಹೊಚ್ಚ ಹೊಸ ಚೈನಿನ ಒಂದೊಂದೇ ಹಲ್ಲನ್ನು ಮಸೆಯುತ್ತ ಕೂತ. ಒಂದು, ಒಂದೂವರೆ, ಎರಡು ಗಂಟೆ. ಊಟಕ್ಕೆ ಕರೆದರೆ ಕಿವಿಯಲ್ಲಿ ಹತ್ತಿ. ಕೊನೆಗೆ ನರ್ಸಮ್ಮ ಬಗ್ಗಿ ನೋಡಿದರು.

"ಸಾರ್, ದಿನಕ್ಕೆ ನೂರು ಸೂಜಿ ಹಿಡಿಯೋಳು ನಾನು. ಮೊನೆ ಯಾವ ಕಡೆ ಅಂತ ಗೊತ್ತಾಗಲ್ವಾ? ಚೈನು ಹಿಂದುಮುಂದಾಗಿದೆ. ಹಲ್ಲಿನ ಬೆನ್ನಿಂದ ಮರ ಕೊಯ್ತಿದೀರಿ."

ಎಲ್ಲರೂ ಓವರ್‌ಸಿಯರ ಕಡೆ ತಿರುಗಿದರು. ಅವರು ಆಕಾಶದ ಕಡೆ ತಿರುಗಿದರು. "ಹಾಗೂ ಒಂದು ಪದ್ಧತಿ ಇದೆ," ಎಂದರು.

ಚೈನು ಬಿಚ್ಚಿ, ತಿರುಗಿಸಿ ಹಾಕಿ, ಜೋತು ಬೀಳದಂತೆ, ಆದರೆ ಬೆರಳಲ್ಲಿ ಎಳೆದರೆ ಸರಿಯುವಂತೆ ಬಿಗಿ ಮಾಡುವ ಹೊತ್ತಿಗೆ ಮೂರು. ಈ ಸಲ ಸೌದೆಯ ತುಂಡು ಎರಡಾಗಿ ಬಿತ್ತು. ಪುಸ್ತಕಪ್ಪನ ಕಣ್ಣಲ್ಲಿ ನೀರೇ ಬಂತು. ಮಷೀನು ನಿಲ್ಲಿಸಿ, ಕಿವಿಯ ಹತ್ತಿ ಕಿತ್ತು, ಕೊಂಬೆಯ ಕೆಳಗೆ ಏಣಿ ಒರಗಿಸಿದ. ಹೆಂಡತಿಯೂ ದೇವರಿಗೆ ಕೈ ಮುಗಿದುಕೊಂಡು ಹೊರಗೆ ಬಂದು ನಿಂತಳು. ನರ್ಸಮ್ಮ ಪುಸ್ತಿಕೆ ಕೈಗೆತ್ತಿಕೊಂಡರು.

"ಹತ್ತೋಕೆ ಮುಂಚೆ ಪರೀಕ್ಷೆ ಮಾಡ್ತೀನಿ ಸಾರ್. ಒಂಬತ್ತನೇ ಸೂಚನೆ?"

"ಪಟ್ಟಿಯ ತುದಿಯಿಂದ ಕೊಯ್ಯಬಾರದು. ಯಂತ್ರ ಮುಖದತ್ತ ಎಗರುತ್ತದೆ," ಎಂದ ಪುಸ್ತಕಪ್ಪ, ಮೊದಲ ಮೆಟ್ಟಿಲ ಮೇಲೆ ಕಾಲಿಡುತ್ತ.

"ಶಹಭಾಷ್. ಹದಿನಾಲ್ಕು?"

"ಸುತ್ತ ಮಕ್ಕಳು, ಪ್ರಾಣಿಗಳು ಇರಬಾರದು." ಎರಡನೆಯ ಮೆಟ್ಟಿಲು.

"ಹದಿನೇಳು?"

"ಯಂತ್ರವನ್ನು ಹೆಗಲಿಗಿಂತ ಮೇಲೆ ಎತ್ತಬಾರದು. ಏಣಿಯ ಮೇಲೆ ನಿಂತು ಎಂದೆಂದಿಗೂ ಬಳಸಬಾರದು. ಎತ್ತರದ ಕೊಂಬೆಗೆ ಅನುಭವಸ್ಥರನ್ನೇ ಕರೆಯಬೇಕು," ಎಂದು ಪುಸ್ತಕಪ್ಪ ಮೂರನೆಯ ಮೆಟ್ಟಿಲ ಮೇಲೆ ನಿಂತು, ಒಂದಕ್ಷರ ತಪ್ಪದೆ, ಗಂಟೆ ಹೊಡೆದ ಹಾಗೆ ಒಪ್ಪಿಸಿದ.

ಪುಸ್ತಕಪ್ಪ ಕೈಯಲ್ಲಿದ್ದ ಮಷೀನು ನೋಡಿದ, ಮೇಲಿದ್ದ ಕೊಂಬೆ ನೋಡಿದ, ಕಾಲ ಕೆಳಗಿನ ಏಣಿ ನೋಡಿದ. ಆರು ಸಲ ಓದಿದ್ದು ಬಾಯಿಗೆ ಬಂದಿತ್ತು, ಕಾಲಿಗೆ ಬಂದಿರಲಿಲ್ಲ. ಅಚ್ಚಾದ ಮಾತನ್ನು ಅವನು ಹುಟ್ಟಿದಾಗಿನಿಂದ ಮೀರಿದವನಲ್ಲ. ಮೆಲ್ಲಗೆ ಒಂದೊಂದೇ ಮೆಟ್ಟಿಲು ಇಳಿದ.

"ಈಗೇನು ಗತಿ?" ಎಂದ.

ಹೆಂಡತಿ ಆಗಲೇ ಚಪ್ಪಲಿ ಮೆಟ್ಟಿಕೊಂಡು ಗೇಟು ದಾಟಿದ್ದಳು. ಹಿಂದಿನ ಬೀದಿಯಲ್ಲಿ ಕೆಲಸ ಮಾಡುತ್ತಿದ್ದ ಮರದಣ್ಣನನ್ನು ಹತ್ತು ನಿಮಿಷದಲ್ಲಿ ಕರೆತಂದಳು. ಸಣಕಲು ಮೈಯ, ನರೆಗೂದಲಿನ ಮನುಷ್ಯ. ಮೇಲೆ ನೋಡಿದ, ಹಗ್ಗ ಹೆಗಲಿಗೇರಿಸಿದ, ಸೊಂಟಕ್ಕೊಂದು ಕೈಗರಗಸ ಸಿಕ್ಕಿಸಿದ, ಬರಿಗಾಲಲ್ಲಿ ಮರ ಹತ್ತಿದ. ಮೊದಲು ತನ್ನನ್ನು ಮರಕ್ಕೆ ಕಟ್ಟಿಕೊಂಡ, ಆಮೇಲೆ ಕೊಂಬೆಯನ್ನು. ಕೆಳಗಿನಿಂದ ಒಂದು ಗಾಯ, ಮೇಲಿನಿಂದ ಒಂದು ಕೊಯ್ತ. ಲಟ್ಟೆಂದಿತು. ಒಂದು ಹಂಚೂ ಅಲುಗದ ಹಾಗೆ ಕೊಂಬೆ ಹಗ್ಗದಲ್ಲಿ ತೂಗುತ್ತ ಇಳಿದು ಹಿತ್ತಿಲಲ್ಲಿ ಮಲಗಿತು. ನಾಲ್ಕಕ್ಕೆ ಹತ್ತು ನಿಮಿಷವಿತ್ತು.

ಹೆಂಡತಿ ಉಸಿರು ಬಿಟ್ಟಳು. ಮರದಣ್ಣ ಕಟ್ಟೆಯ ಮೇಲೆ ಕೂತು ನೀರು ಕೇಳಿದ. ಪುಸ್ತಕಪ್ಪ ಕೊಂಬೆ ನೋಡಿದ. ಅದು ಈಗ ನೆಲದ ಮೇಲಿತ್ತು, ಹೆಗಲಿಗಿಂತ ಎಷ್ಟೋ ಕೆಳಗೆ. ಯಾವ ಸೂಚನೆಯೂ ಅಡ್ಡ ಬರುವಂತಿರಲಿಲ್ಲ. ಹೆಲ್ಮೆಟ್ಟು ಏರಿಸಿ, ಕೊಂಬೆಯ ಕೆಳಗೆ ಒಂದು ದಿಮ್ಮಿ ಕೊಟ್ಟು, ಮಷೀನು ಎಬ್ಬಿಸಿ, ತುಂಡು ತುಂಡಾಗಿ ಕೊಯ್ಯತೊಡಗಿದ. ಮರದ ಪುಡಿ ಹಾರಿತು. ಎರಡು ವರ್ಷದಲ್ಲಿ ಅಂಥ ಸುಖ ಅವನಿಗೆ ಸಿಕ್ಕಿರಲಿಲ್ಲ.

ಮಾವನವರು ಸರಿಯಾಗಿ ನಾಲ್ಕಕ್ಕೆ ಬಂದು ಹಿತ್ತಿಲ ಬಾಗಿಲಲ್ಲಿ ನಿಂತಾಗ ಕಂಡದ್ದು ಇದೇ. ಮಷೀನು ಹಿಡಿದ ಅಳಿಯ, ತುಂಡಾಗಿ ಬಿದ್ದ ಕೊಂಬೆ, ಮರದ ಮೇಲೆ ಹೊಳೆಯುವ ಹೊಸ ಕೊಯ್ತ. ಪುಸ್ತಕಪ್ಪ ಮಷೀನು ನಿಲ್ಲಿಸಿದ. ಮಾವನವರು ಕತ್ತೆತ್ತಿ ಆ ಕೊಯ್ತವನ್ನೇ ನೋಡಿದರು.

"ಸಿಗಿದಿಲ್ಲ, ಸೀಳಿಲ್ಲ. ಮಿಲ್ಲಿನೋರಿಗೂ ಬರಲ್ಲ ಈ ಕೈಗುಣ. ಯಾರು, ನೀವಾ ಅಳಿಯಂದ್ರೇ?"

ನಿಜ ಹೇಳಲು ಪುಸ್ತಕಪ್ಪನಿಗೆ ಆ ಗಳಿಗೆ ಸಾಕಾಗಿತ್ತು. ಆದರೆ ಮಾವನವರ ಕಣ್ಣಲ್ಲಿ, ಮದುವೆಯಾದ ಹದಿನೈದು ವರ್ಷದಲ್ಲಿ ಒಮ್ಮೆಯೂ ಕಾಣದ ಬೆರಗು ಇತ್ತು. ಅವನು ನೆಲ ನೋಡಿ ನಕ್ಕ.

"ಬೆಳಿಗ್ಗೆಯಿಂದ ಒಂದೇ ಸಮ ದುಡಿದಿದಾರೆ ಯಜಮಾನ್ರೇ," ಎಂದರು ಓವರ್‌ಸಿಯರು. "ಉಸ್ತುವಾರಿ ನಂದು."

"ಮತ್ತೆ ಇವರು?" ಮಾವನವರು ಕಟ್ಟೆಯ ಕಡೆ ನೋಡಿದರು.

"ಅವರು... ಸಹಾಯಕ್ಕೆ ಬಂದೋರು," ಎಂದ ಪುಸ್ತಕಪ್ಪ.

ನೀರು ಕುಡಿಯುತ್ತಿದ್ದ ಮರದಣ್ಣ ಚೊಂಬನ್ನು ನಿಧಾನವಾಗಿ ಕೆಳಗಿಟ್ಟ. ಹೆಂಡತಿ ಗಂಡನನ್ನು ಒಮ್ಮೆ ದುರುಗುಟ್ಟಿ ನೋಡಿ, "ಸದ್ಯ, ನೀವು ಏಣಿ ಹತ್ತೋದು ತಪ್ಪಿತಲ್ಲಪ್ಪಾ" ಎಂದಳು.

"ನಾನೆಲ್ಲಿ ಹತ್ಲಿ ಮಗಳೇ? ಕೈ ನಡುಗುತ್ತೆ. ಮೂರು ತಿಂಗಳಾಯ್ತು, ಗರಗಸ ಎಲ್ಲ ದಾನ ಮಾಡ್ಬಿಟ್ಟೆ. ಸ್ಟೂಲ್ ಹತ್ತಲ್ಲ ಅಂತ ನಿಮ್ಮಮ್ಮನಿಗೆ ಆಣೆ ಇಟ್ಟಿದೀನಿ."

"ಮತ್ತೆ ಮರದ ವಿಷಯ ಅಂದ್ರಿ?"

"ನಿಮ್ಮ ಮರ ಅಲ್ಲ ಕಣೇ, ನಮ್ಮದು. ಮನೆ ಹಿಂದೆ ಅರವತ್ತಡಿ ಬೆಳೆದಿದೆ, ಬುಡ ಟೊಳ್ಳಾಗಿ ಸೂರಿನ ಕಡೆ ವಾಲಿದೆ. ಈ ಕಡೆ ಯಾರಾದ್ರೂ ಒಳ್ಳೆ ಮರ ಕಡಿಯೋರು ಇದ್ರೆ ಗೊತ್ತು ಮಾಡ್ಕೊಂಡು ಹೋಗೋಣ ಅಂತ ಬಂದೆ." ಮಾವನವರು ಬಂದು ಅಳಿಯನ ಬೆನ್ನು ತಟ್ಟಿದರು. "ಬೆಣ್ಣೆ ಕೈಯಲ್ಲಿಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯ್ತು. ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ಬಂದ್ಬಿಡಿ. ಅವತ್ತು ನಕ್ಕಿದ್ರಲ್ಲ, ಆ ನೆಂಟರನ್ನೆಲ್ಲ ಕರೆಸ್ತೀನಿ. ನೋಡ್ಲಿ."

ಪುಸ್ತಕಪ್ಪನ ಕಣ್ಣು ತಾನಾಗಿ ಕಟ್ಟೆಯ ಕಡೆ ಹೊರಳಿತು. "ಅರವತ್ತಡಿ ಅಂದ್ರೆ... ನಮ್ಮ ಮರದಣ್ಣನೂ ಬರ್ತಾನೆ ಮಾವ. ಬೇಕಾದ್ರೆ ಅವನೇ ಹತ್ತಬಹುದು. ಅಲ್ವಾ ಮರದಣ್ಣ?"

ಮರದಣ್ಣ ಎದ್ದ. ಹಗ್ಗವನ್ನು ಅಚ್ಚುಕಟ್ಟಾಗಿ ಸುತ್ತಿ ಹೆಗಲಿಗೆ ಹಾಕಿಕೊಂಡ. ಮಾವನವರ ಕಡೆ ತಿರುಗಿ ವಿನಯದಿಂದ ಕೈ ಮುಗಿದ.

"ಅಯ್ಯೋ, ಅಷ್ಟೆತ್ತರ ನನ್ನಂಥೋನಿಗೆ ಎಲ್ಲಾಗುತ್ತೆ ಯಜಮಾನ್ರೇ? ಸಾರ್ ಹತ್ಲಿ. ನಾನು ಕೆಳಗೆ ನಿಂತು ಸಹಾಯ ಮಾಡ್ತೀನಿ."