ಕೊಡ್ಲಿಯ ಸರ್ಕಾರಿ ಗೂಳಿಯ ಪ್ರದಕ್ಷಿಣೆ

ಸುತ್ತೋಲೆ ಸಂಖ್ಯೆ: ಗೂಳಿ/ಕೊಡ್ಲಿ/ನೈವೇದ್ಯ/17/1968–69
ದಿನಾಂಕ: 17–6–1968

ವಿಷಯ: ಚಿಂಚೋಳಿ ತಾಲೂಕು ಕೊಡ್ಲಿಯಲ್ಲಿರುವ ‘ಕೃಷ್ಣಾ ಕಣಿವೆ’ ತಳಿಯ ಗೂಳಿಗೆ ಸಾರ್ವಜನಿಕರು ದೇವರೆಂದು ನಡೆದುಕೊಳ್ಳುತ್ತಿರುವ ಕುರಿತು.

ಉಲ್ಲೇಖ: ಗೂಳಿಯನ್ನು ಹರಾಜು ಹಾಕಬಾರದೆಂದು ಪಾಲಕ ಶ್ರೀ ಮಶಾಕ ಇವರ ಅರ್ಜಿ.

1. ಸದರಿ ತಳಿಗೆ ಹೆಸರು ಬಂದಿರುವುದು ನದಿಯಿಂದ. ಹಾಗೆಂದು ಕೊಟ್ಟಿಗೆಯ ಫಲಕದಲ್ಲಿ ಬರೆಯಿಸಲಾಗಿದೆ. ಆದಾಗ್ಯೂ ಕಳೆದ ವರ್ಷದ ಕಾರಹುಣ್ಣಿಮೆಯಿಂದ ಗೂಳಿಯನ್ನು ‘ಕೃಷ್ಣಪ್ಪ’ ಎಂದು ಕರೆದು, ಊರಿನ ವೃದ್ಧೆ ಶ್ರೀಮತಿ ಗುಂಡಮ್ಮ ಮುಂತಾದವರಿಂದ ಶಹಾಬಾದ ಫರಸಿಕಲ್ಲಿನ ಮೇಲೆ ಹೋಳಿಗೆಯ ಎಡೆ ಇಡಲಾಗುತ್ತಿದೆ. ಇದರಿಂದ ದೇವರಿಗೆ ಅಗೌರವ, ದನಕ್ಕೆ ಅಜೀರ್ಣ. ಇದನ್ನು ತೀವ್ರವಾಗಿ ಖಂಡಿಸಲಾಗಿದೆ.

2. ಹೋಳಿಗೆಯ ರುಚಿ ಕಂಡ ಗೂಳಿಯು ಜೋಳದ ದಂಟಿನ ಮೇವಾದ ಕಣಕಿ ಮುಟ್ಟದೆ, ಮೈ ಬೆಳೆಸಿ, ಹಸು ಬಂದರೂ ಏಳದೆ ಕರ್ತವ್ಯಲೋಪ ಎಸಗಿರುತ್ತದೆ. ಆದ್ದರಿಂದ ಹರಾಜಿಗೆ ಆದೇಶಿಸಲಾಗಿತ್ತು. ಅದನ್ನು ಕರುವಿನಿಂದ ಸಾಕಿದ ಮಶಾಕ ಅಂದಿನಿಂದ ಊಟ ಬಿಟ್ಟಿರುವುದು ಗಮನಕ್ಕೆ ಬಂದಿದೆ. ಇದನ್ನು ನಮೂದಿಸಲು ನಮೂನೆಯಲ್ಲಿ ಕಲಂ ಇಲ್ಲ.

3. ಸಮಜಾಯಿಷಿ ಕೇಳಲಾಗಿ ಮಶಾಕ ನೀಡಿದ ಹೇಳಿಕೆ: “ನಾ ಏನ್ ಮಾಡ್ಲಿರಿ ಸಾಹೇಬ್ರ? ಗುಂಡಮ್ಮ ಆಯಿಗಿ ಬ್ಯಾಡ ಅಂದ್ರ, ‘ಏ ಮಶಾಕ, ದೇವರ ಬಾಯಿಗಿ ಕೈ ಅಡ್ಡ ಹಿಡೀತಿ?’ ಅಂತ ಭಾಳ ಬೈತಾಳ. ಮ್ಯಾಲ ನನಗೂ ಎರಡು ಹೋಳಿಗಿ ಕೊಡ್ತಾಳ್ರಿ.” ಆ ಎರಡನ್ನು ಮೇವಿನ ಲೆಕ್ಕಕ್ಕೆ ಸೇರಿಸತಕ್ಕದ್ದಲ್ಲ.

4. ಇನ್ನು ಮುಂದೆ ಕೈಮುಗಿಯಲೇಬೇಕೆನ್ನುವವರು ಮೊದಲು ಫಲಕವನ್ನು ಪೂರ್ತಿ ಓದಿ, ಫಲಕಕ್ಕೇ ಮುಗಿಯತಕ್ಕದ್ದು. ಅಕ್ಷರ ಬಾರದವರು ಬೇರೆಯವರಿಂದ ಓದಿಸಿ ಮುಗಿಯಬಹುದು.

5. ಭಕ್ತರು ಗೂಳಿಗೆ ಪ್ರದಕ್ಷಿಣೆ ಹಾಕುವುದನ್ನು ನಿಷೇಧಿಸಲಾಗಿದೆ. ಬದಲಿಗೆ ಗೂಳಿಯೇ ದಿನಕ್ಕೆ ಹನ್ನೊಂದು ಸಲ ಕೊಟ್ಟಿಗೆಗೆ ಪ್ರದಕ್ಷಿಣೆ ಹಾಕತಕ್ಕದ್ದು. ಮುಂದೆ ಹೋಳಿಗೆ ಹಿಡಿದು ಗುಂಡಮ್ಮ, ಹಿಂದೆ ಮಶಾಕ. ಹೋಳಿಗೆ ತೋರಿಸುವುದಕ್ಕಷ್ಟೇ, ಕೊನೆಗೆ ಕಣಕಿಯನ್ನು ಹೋಳಿಗೆಯಂತೆ ಮಡಚಿ ತಿನ್ನಿಸತಕ್ಕದ್ದು.

6. ಪ್ರಾಯೋಗಿಕವಾಗಿ ಒಂದು ವಾರ ಹೀಗೆ ನಡೆಸಲಾಗಿ, ಗೂಳಿಯು ಮೊನ್ನೆ ತಾನಾಗಿ ಎದ್ದು ಕರ್ತವ್ಯಕ್ಕೆ ಹಾಜರಾಗಿರುತ್ತದೆ. ಹರಾಜು ರದ್ದುಪಡಿಸಲಾಗಿದೆ.

7. ಆ ಸಂದರ್ಭದಲ್ಲಿ ಸಹಿದಾರರು ಚಪ್ಪಲಿ ಕಳಚಿದ್ದು ನೆಲ ಹಸಿಯಿದ್ದ ಕಾರಣಕ್ಕೆ. ಕೈಗಳು ಕೂಡಿದ್ದು ನೊಣ ಹಿಡಿಯುವ ಉದ್ದೇಶದಿಂದ. ಅನ್ಯಥಾ ಭಾವಿಸತಕ್ಕದ್ದಲ್ಲ.

ಸಹಿ/–
ಮಡಿವಾಳಯ್ಯ
ತಳಿ ಶಿಸ್ತು ಅಧಿಕಾರಿ

ಪ್ರತಿಗಳು:
1. ಸೇಡಂ, ಚಿತ್ತಾಪುರದ ಎಲ್ಲ ಗೂಳಿಪಾಲಕರಿಗೆ.
2. ಶ್ರೀಮತಿ ಗುಂಡಮ್ಮ ಇವರಿಗೆ: ಕುಂಕುಮ ಹಚ್ಚಿ ಇಟ್ಟುಕೊಂಡಿರುವ ಸಹಿದಾರರ ಚಪ್ಪಲಿಗಳನ್ನು ಹಿಂದಿರುಗಿಸಲು.
3. ಶ್ರೀ ಮಶಾಕ ಇವರಿಗೆ: ಊಟ ಮಾಡಿದ ಬಗ್ಗೆ ವರದಿ ಸಲ್ಲಿಸಲು.
4. ಗೂಳಿಗೆ, ಮಶಾಕ ಇವರ ಮೂಲಕ: ಕಾಗದ ತಿನ್ನಗೊಡದೆ ಓದಿ ಹೇಳತಕ್ಕದ್ದು, ಆರನೆಯ ಕಲಮಿನ ಕೊನೆಯ ಸಾಲನ್ನು ಎರಡು ಸಲ.